ಕ್ವೇಕರ್ ಮೀಟಿಂಗ್‌ನಲ್ಲಿ ‘ಅಟೆಂಡರ್’ ಆಗಿದ್ದೇನೆ, ಸದಸ್ಯಳಾಗಲೋ ಬೇಡವೋ?

ಬೆಣ್ಣೆದೋಸೆ_ಹುಡುಗಿ:
ನಾನು ದಾವಣಗೆರೆಯವಳು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್. ಪಕ್ಕದ ಮನೆ ಅಜ್ಜಿಗೆ ಕಣ್ಣು ಮಂಜಾಗಿ ಕಾರು ಓಡಿಸುವುದು ನಿಂತಿತು. ಭಾನುವಾರ ಅವರನ್ನು ಕ್ವೇಕರ್ ಅನ್ನುವ ಧಾರ್ಮಿಕ ಪಂಥದವರ ಪ್ರಾರ್ಥನಾ ಸಭೆಗೆ, ಅಂದರೆ ಕ್ವೇಕರ್ ಮೀಟಿಂಗ್‌ಗೆ ಬಿಡುವುದು ನನ್ನ ಕೆಲಸವಾಯಿತು. ಮೊದಮೊದಲು ಕಾರಿನಲ್ಲೇ ಕೂತು ಮೊಬೈಲ್ ನೋಡುತ್ತಿದ್ದೆ. ಜನವರಿಯಲ್ಲಿ ಒಂದು ದಿನ ಚಳಿ ತಡೆಯಲಾಗದೆ ಒಳಗೆ ಹೋದೆ. ಅದಾಗಿ ಎರಡು ವರ್ಷ. ಈಗ ಅಜ್ಜಿ ಬರದಿದ್ದರೂ ನಾನು ಹೋಗುತ್ತೇನೆ.

ಒಳಗೆ ಏನೂ ಇಲ್ಲ. ಶಿಲುಬೆ ಇಲ್ಲ, ಪಾದ್ರಿ ಇಲ್ಲ, ಹಾಡಿಲ್ಲ. ಸುತ್ತ ಕುರ್ಚಿ, ನಡುವೆ ಮೇಜು, ಅದರ ಮೇಲೆ ಹೂವು. ಒಂದು ಗಂಟೆ ಮೌನ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಿ ಕೂರುತ್ತಾರೆ. ಮೊದಲ ದಿನ ಒಬ್ಬ ಮುದುಕರು ಎದ್ದರು. ಹೆಂಡತಿ ನೆಟ್ಟ ಗುಲಾಬಿಗೆ ಕತ್ತರಿ ಹಾಕಲು ಈ ವರ್ಷವೂ ಕೈ ಬರಲಿಲ್ಲ ಅಂದರು, ಕೂತರು. ಯಾರೂ ‘ಅಯ್ಯೋ ಪಾಪ’ ಅನ್ನಲಿಲ್ಲ. ನನ್ನ ಹೊಟ್ಟೆ ಮಾತ್ರ ಗುರ್ ಅನ್ನುತ್ತಿತ್ತು. ಕೊನೆಗೆ ಇಬ್ಬರು ಹಿರಿಯರು ಕೈ ಕುಲುಕಿದರು, ಮುಗಿಯಿತು. ಆಮೇಲೆ ಚಹಾ, ಬಿಸ್ಕತ್ತು.

ನಮ್ಮಜ್ಜಿ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಹಾಲಿನವನು ಕೂಗಿದರೂ ತಿರುಗುತ್ತಿರಲಿಲ್ಲ. ಅದೇ ಮೌನ ಇದು ಅನಿಸಿತು. ಆದರೆ ಇಲ್ಲಿ ಮೂವತ್ತು ಜನ ಸೇರಿ ಮಾಡುತ್ತಾರೆ. ಆ ವ್ಯತ್ಯಾಸ ದೊಡ್ಡದು.

ನನ್ನಂಥವರಿಗೆ ಇಲ್ಲಿ ‘ಅಟೆಂಡರ್’ ಅನ್ನುತ್ತಾರೆ. (ನಮ್ಮೂರಲ್ಲಿ ಅಟೆಂಡರ್ ಅಂದರೆ ಫೈಲ್ ಹೊರುವವನು. ಮೊದಲು ಕೇಳಿದಾಗ ನಗು ತಡೆಯಲಾಗಲಿಲ್ಲ.) ಬೇಕಿದ್ದರೆ ಸದಸ್ಯಳಾಗಬಹುದಂತೆ. ಪತ್ರ ಬರೆದರೆ ಇಬ್ಬರು ಮನೆಗೆ ಬಂದು ಮಾತಾಡುತ್ತಾರೆ. ನನ್ನ ಕೊರಳಲ್ಲಿ ಇಷ್ಟಲಿಂಗ ಇದೆ, ಅದನ್ನು ತೆಗೆಯುವವಳಲ್ಲ. ಅಮ್ಮ ಬೇರೆ ‘ಚರ್ಚ್ ಸೇರಿದ್ಯಾ?’ ಅಂತ ಕೇಳುತ್ತಿದ್ದಾರೆ. ಏನು ಮಾಡಲಿ?

ಸುಮ್ನೆ_ಓದುವವನು:
ಸುಮ್ನೆ ಕೂರೋಕೆ ಮನೆ ಸಾಲದಾ ಅಕ್ಕಾ? ಇನ್ನೊಂದು ಮಾತು. ಇದರ ಬೇರು ಕ್ರೈಸ್ತ ಧರ್ಮದಲ್ಲೇ ಇದೆ. 1650ರ ಸುಮಾರಿಗೆ ಈ ಪಂಥ ಶುರುಮಾಡಿದ ಜಾರ್ಜ್ ಫಾಕ್ಸ್ ಹೇಳಿದ್ದು ಕ್ರಿಸ್ತನ ವಿಷಯವನ್ನೇ. ಅಮ್ಮನ ಪ್ರಶ್ನೆ ಅಷ್ಟೇನೂ ತಪ್ಪಲ್ಲ.

ಫಿಲಡೆಲ್ಫಿಯಾ_ರಾಯ:
ಬೇರು ನಿಜ. ಆದರೆ ಇಂದು ಬ್ರಿಟನ್ನಿನ ಮೀಟಿಂಗ್‌ಗಳಲ್ಲಿ ದೇವರನ್ನೇ ನಂಬದವರೂ ಸದಸ್ಯರಾಗಿದ್ದಾರೆ. ಪ್ರತಿಯೊಬ್ಬರಲ್ಲೂ ದೇವರ ಅಂಶ ಇದೆ ಅನ್ನುವುದೇ ಅವರ ಮುಖ್ಯ ಮಾತು. ಅದಕ್ಕೇ ಹಿಂದೆ ಜಡ್ಜ್ ಮುಂದೆಯೂ ಟೋಪಿ ತೆಗೆಯದೆ, ಅವರನ್ನೂ ಏಕವಚನದಲ್ಲೇ ಮಾತಾಡಿಸಿ ಜೈಲಿಗೆ ಹೋದರು. ನನಗೆ ಮಾತ್ರ ಎಂಬತ್ತರ ಹಿರಿಯರನ್ನು ಬರೀ ಹೆಸರಿನಿಂದ ಕರೆಯಲು ಇನ್ನೂ ನಾಲಿಗೆ ಏಳುವುದಿಲ್ಲ.

ಒಂಬತ್ತು ವರ್ಷದಿಂದ ಹೋಗುತ್ತಿದ್ದೇನೆ, ಸದಸ್ಯನಲ್ಲ. ಯಾರೂ ಒತ್ತಾಯ ಮಾಡಿಲ್ಲ. ಇವರು ನಿಧಾನದ ಜನ. ಓಟು ಹಾಕುವುದಿಲ್ಲ, ಎಲ್ಲರ ಮನಸ್ಸು ಒಂದು ಕಡೆ ಬರುವವರೆಗೆ ಕಾಯುತ್ತಾರೆ. ನಮ್ಮಲ್ಲಿ ಕಾರ್ಪೆಟ್ ಬದಲಿಸುವ ಮಾತು ನಾಲ್ಕು ತಿಂಗಳು ನಡೆಯಿತು! ಅದು ತಮಾಷೆ. ಇದು ತಮಾಷೆಯಲ್ಲ: 1688ರಲ್ಲೇ ನಾನಿರುವ ಅಮೆರಿಕದ ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ಕು ಜನ ಗುಲಾಮಗಿರಿ ತಪ್ಪು ಅಂತ ಬರೆದುಕೊಟ್ಟರು. ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ಫಿಲಡೆಲ್ಫಿಯಾದ ವಾರ್ಷಿಕ ಸಭೆ ನಿಯಮ ಮಾಡಿದ್ದು 1776ರಲ್ಲಿ. 88 ವರ್ಷ! ಅದಾದ ಮೇಲೂ ಆರ್ಚ್ ಸ್ಟ್ರೀಟ್ ಮೀಟಿಂಗ್‌ನಲ್ಲಿ ಕಪ್ಪು ಜನರಿಗೆ ಬೇರೆ ಬೆಂಚು. ಸಾರಾ ಮ್ಯಾಪ್ಸ್ ಡಗ್ಲಸ್ ಎಂಬ ಶಿಕ್ಷಕಿ ಚಿಕ್ಕಂದಿನಲ್ಲಿ ತಾಯಿ ಜೊತೆ ಅಲ್ಲೇ ಕೂರುತ್ತಿದ್ದರು. ಸೇರುವ ಮೊದಲು ಇದನ್ನೂ ತಿಳಿದಿರಿ.

ಕಲ್ಲಜ್ಜ:
ತಂಗೀ, ಲಿಂಗ ಬಚ್ಚಿಡಬೇಡ. ಮನೆಗೆ ಬಂದ ಇಬ್ಬರಿಗೂ ತೋರಿಸು. ಅವರ ಮುಖ ನೋಡಿದರೆ ಗೊತ್ತಾಗುತ್ತೆ, ಸೇರಬೇಕೋ ಬೇಡವೋ ಅಂತ. ಮನೆ ಸಾಲದಾ ಅಂತ ಕೇಳಿದವರಿಗೆ ಒಂದು ಮಾತು. ಸಾಲುತ್ತಿದ್ದರೆ ಶರಣರು ಕಲ್ಯಾಣಕ್ಕೆ ಯಾಕೆ ನಡೆದು ಬರುತ್ತಿದ್ದರು?

ಬೆಣ್ಣೆದೋಸೆ_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಆ ಬೆಂಚಿನ ವಿಷಯ ಗೊತ್ತಿರಲಿಲ್ಲ. ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಅವರಿಗೆ ಗೊತ್ತಿತ್ತು. ಬಹಳ ಹೊತ್ತು ಮಾತಾಡಲಿಲ್ಲ, ಮೌನದ ಜನ ಅಲ್ವಾ. ಆಮೇಲೆ ‘ನೀನು ಯಾವ ಕುರ್ಚಿಯಲ್ಲಿ ಕೂರುತ್ತೀಯ ಅಂತ ನಾನೂ ಗಮನಿಸುತ್ತಿದ್ದೆ’ ಅಂದರು. ನಾನು ಯಾವಾಗಲೂ ಬಾಗಿಲ ಪಕ್ಕ ಕೂರುತ್ತೇನೆ. ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಹೋದರೆ ಅಂತ ಭಯ, ಅಷ್ಟೇ. ಅದನ್ನು ಹೇಳಿದ್ದಕ್ಕೆ, ಅಲ್ಲಿ ಅರ್ಧ ಜನ ನಿದ್ದೆ ಮಾಡುತ್ತಾರೆ ಅಂತ ನಕ್ಕರು.

ಪತ್ರ ಇನ್ನೂ ಬರೆದಿಲ್ಲ. ಕಳೆದ ಭಾನುವಾರ ಎಲ್ಲರೂ ಹೋದ ಮೇಲೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಳಗೆಲ್ಲ ತೋರಿಸಿದೆ. ಅಮ್ಮ ಗೋಡೆ ಗೋಡೆ ಹುಡುಕಿದರು. ‘ಬರೇ ಕುರ್ಚಿ ಅದಾವಲ್ಲೇ, ಏನು ಮೀಟಿಂಗಾ?’ ಅಂದರು.

ಹೌದಮ್ಮ, ಮೀಟಿಂಗೇ ಅಂದೆ.