ಹಲಸಿನ ದಿಮ್ಮಿಯೊಳಗೆ ಬೇಲಿ: ಸಾಮಿಲ್ ಮಂಜಣ್ಣನಿಗೆ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಮಂಜಣ್ಣ ನಮ್ಮ ಜೊತೆ ಇರುತ್ತಾರೆ. ತೀರ್ಥಹಳ್ಳಿ ಕಡೆ ಮೂವತ್ತು ವರ್ಷದಿಂದ ಸಾಮಿಲ್ ನಡೆಸುತ್ತಿದ್ದಾರೆ. ನಮ್ಮ ಜಾಗದ ಮರ ಬೆಳೆಸುವುದು, ಕಡಿಯುವುದು, ಕೊಯ್ಯಿಸುವುದು, ಒಣಗಿಸುವುದು, ಏನು ಬೇಕಾದರೂ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೊ ಬೇಡ.

ಕೊಪ್ಪ ಕಾಫಿ: ನಮಸ್ಕಾರ ಮಂಜಣ್ಣ. ಸಿಲ್ವರ್ ಓಕ್ ಈಗ ಅಡಿಗೆ ಎಷ್ಟಿದೆ?

ಮಂಜಣ್ಣ: ನಮಸ್ಕಾರ. ಮರ ನೋಡದೆ ರೇಟ್ ಹೇಳುವುದಿಲ್ಲ. ಲಾರಿ ತೋಟದೊಳಗೆ ಬರುತ್ತದಾ, ಇಲ್ಲ ಆಳು ಹೊರಬೇಕಾ ಅನ್ನುವುದರ ಮೇಲೇ ರೇಟ್ ಬದಲಾಗುತ್ತದೆ. ಆದರೆ ಅಳತೆ ನೀವೇ ಕಲಿತುಕೊಳ್ಳಿ, ವ್ಯಾಪಾರಿ ಬಾಯಿಗೆ ಬಿಡಬೇಡಿ. ದಿಮ್ಮಿಯ ನಡು ಭಾಗದಲ್ಲಿ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿಯಿರಿ. 4ರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿ. ಸುತ್ತು 48 ಇಂಚು, ಉದ್ದ 10 ಅಡಿ ಇದ್ದರೆ 10 ಕ್ಯೂಬಿಕ್ ಅಡಿ ಬರುತ್ತದೆ. ನಿಜವಾಗಿ ಆ ದಿಮ್ಮಿಯಲ್ಲಿ 12.7 ಕ್ಯೂಬಿಕ್ ಅಡಿ ಮರ ಇರುತ್ತದೆ. ಕೊಯ್ಯುವಾಗ ಹೋಗುವ ಬದಿ ಚಕ್ಕೆಯ ಲೆಕ್ಕ ಈ ಅಳತೆಯಲ್ಲೇ ಸೇರಿದೆ. ಹಾಗಾಗಿ ತೊಗಟೆ ತೆಗೆದು ಅಳೆದ ಮೇಲೂ ಯಾರಾದರೂ "ವೇಸ್ಟಿಗೆ ಇಷ್ಟು" ಅಂತ ಕಳೆದರೆ ಒಪ್ಪಬೇಡಿ.

ತೇಗದ ತೋಟ: ಸರ್, 2 ಎಕರೆ ತೇಗ ಇದೆ. 2 ಮೀಟರ್ ಅಂತರ, 14 ವರ್ಷ ಆಯಿತು. ಎತ್ತರ ಹೋಗಿವೆ, ದಪ್ಪ ಆಗಿಲ್ಲ. ಯಾವ ಗೊಬ್ಬರ ಹಾಕಲಿ?

ಮಂಜಣ್ಣ: ಗೊಬ್ಬರ ಬೇಡ, ಜಾಗ ಕೊಡಿ. ಆ ಅಂತರದಲ್ಲಿ ಎಕರೆಗೆ ಸಾವಿರ ಮರ. ಒಂದರ ತಲೆ ಇನ್ನೊಂದಕ್ಕೆ ತಾಗಿದೆ, ಎಲ್ಲಾ ಬಿಸಿಲಿಗೆ ಅಂತ ಮೇಲೆ ಓಡಿವೆ. ಎಲೆ ತುಂಬಿದ ಕಾಲದಲ್ಲಿ ತೋಟದೊಳಗೆ ನಡೆದು, ಉಳಿಸುವ ಮರಕ್ಕೆ ಬಣ್ಣ ಹಚ್ಚಿ. ಕಡಿಯುವ ಮರಕ್ಕಲ್ಲ. ಹಾಗೆ ಮಾಡಿದರೆ ಕಣ್ಣು ಒಳ್ಳೆ ಮರದ ಮೇಲೇ ಇರುತ್ತದೆ. ನಮ್ಮ ಜನ ದಪ್ಪ ಇರುವುದನ್ನೆಲ್ಲ ಮಾರಿ ಸಣಕಲು ಉಳಿಸುತ್ತಾರೆ. ಒಂದೇ ಸಲಕ್ಕೆ ಜಾಸ್ತಿ ತೆಗೆಯಬೇಡಿ, ಉಳಿದದ್ದು ಗಾಳಿಗೆ ಬೀಳುತ್ತದೆ. ಎರಡು ಕಂತಿನಲ್ಲಿ ತೆಗೆಯಿರಿ. ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು.

ರಿಪ್ಪನ್‌ಪೇಟೆ ಹುಡುಗ: ನಮ್ಮ ಜಾಗದ ಮರಕ್ಕೆ ಅವರ ಅನುಮತಿ ಯಾಕೆ?

ಮಂಜಣ್ಣ: 1976ರ ಮರ ಸಂರಕ್ಷಣೆ ಕಾಯ್ದೆ ಹಾಗೆ ಹೇಳುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರದಂಥ ಕೆಲವಕ್ಕೆ ಕಡಿಯಲು ವಿನಾಯಿತಿ ಇದೆ. ತೇಗಕ್ಕೆ ಇಲ್ಲ. ಕೋಪ ನನ್ನ ಮೇಲೆ ಬೇಡ.

ಸಾಗರದ ಸುಮ: ಮಂಜಣ್ಣ, ಮೊನ್ನೆ ಮಳೆಗಾಳಿಗೆ ನಮ್ಮ ಮನೆ ಮುಂದಿನ ಹಲಸಿನ ಮರ ಬೇರು ಸಮೇತ ಬಿತ್ತು. ಅಪ್ಪ ನೆಟ್ಟಿದ್ದು. ಸುತ್ತು 75 ಇಂಚು. ಬುಡ ಕೊಯ್ದರೆ ಒಳಗೆ ಅರಿಶಿನದ ಹಾಗೆ ಹಳದಿ, ಒಂದು ಕಡೆ ಮಾತ್ರ ನೀಲಿಗಪ್ಪು ಮಚ್ಚೆ. ಶಾಯಿ ಚೆಲ್ಲಿದ ಹಾಗಿದೆ. ಫೋಟೊ ಹಾಕಿದ್ದೇನೆ. ಆಚಾರಿ "ಕೊಳೆತಿದೆ" ಅಂತಾರೆ, ಅಣ್ಣ "ಸೌದೆ ಮಾಡೋಣ" ಅಂತಾನೆ. ನನಗೆ ಹೊಸ ಮನೆಗೆ ಅದರದ್ದೇ ಬಾಗಿಲು ಮಾಡಿಸುವ ಆಸೆ. ನಾಡಿದ್ದು ಚೈನ್ ಸಾ ಹುಡುಗ ಬಂದು ಅಲ್ಲೇ ಹಲಗೆ ಕೊಯ್ದು ಕೊಡುತ್ತಾನಂತೆ. ಕೊಯ್ಯಿಸಬಹುದಾ?

ಮಂಜಣ್ಣ: ಸುಮಾ ಅವರೇ, ಆ ಹುಡುಗನಿಗೆ ಇವತ್ತೇ ಫೋನ್ ಮಾಡಿ, ಬರಬೇಡ ಅನ್ನಿ. ಉಳಿದದ್ದು ಆಮೇಲೆ ಬರೆಯುತ್ತೇನೆ.

ಹೆಗಡೆ ಮಾವ: *ಬಂದ ಸಂದೇಶ:* ಮರಕ್ಕೆ ಜನ್ಮದಲ್ಲಿ ಕುಟ್ಟೆ ಹಿಡಿಯದಿರಲು 1 ಲೀಟರ್ ಸೀಮೆಎಣ್ಣೆಗೆ 2 ಮುಷ್ಟಿ ಕಲ್ಲುಪ್ಪು, 10 ಕರ್ಪೂರದ ಗುಳಿಗೆ ಹಾಕಿ ಅಮಾವಾಸ್ಯೆ ದಿನ ಹಚ್ಚಿ. ಹತ್ತು ಜನರಿಗೆ ಕಳಿಸಿ.

ಮಂಜಣ್ಣ: ಮಾವ, ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದೇ ಇಲ್ಲ. ತಳದಲ್ಲಿ ಕೂತಿರುತ್ತದೆ. ಉಳಿದದ್ದು ಬೆಂಕಿ ಹತ್ತುವ ಮಂಚ. ದಯವಿಟ್ಟು ಯಾರೂ ಹಚ್ಚಬೇಡಿ.

ಕಳಸದ ಗೃಹಿಣಿ: ಹಾಗಾದರೆ ಕುಟ್ಟೆಗೆ ಏನು ಮಾಡುವುದು? ಮಂಚದ ಕೆಳಗೆ ದಿನಾ ಹಿಟ್ಟು ಉದುರುತ್ತದೆ.

ಮಂಜಣ್ಣ: ಕುಟ್ಟೆ ಹುಳಕ್ಕೆ ಬೇಕಾದದ್ದು ಹೊರಗಿನ ಬಿಳಿ ಮರದಲ್ಲಿರುವ ಪಿಷ್ಟ. ಒಳಗಿನ ಗಟ್ಟಿ ಮರಕ್ಕೆ, ಅಂದರೆ ಕೆಚ್ಚಿಗೆ, ಅಷ್ಟಾಗಿ ಬರುವುದಿಲ್ಲ. ಅದಕ್ಕೇ ಕೊಯ್ಯುವಾಗಲೇ ಬಿಳಿ ತೆಗೆಸಬೇಕು. ಹಸಿ ಹಲಗೆಗಾದರೆ ಬಿಳಿಗಾರ (ಬೋರಾಕ್ಸ್) ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು ನೀರಲ್ಲಿ ಕರಗಿಸಿ ಅದ್ದುತ್ತೇವೆ. ಒಳಗಿನ ಸಾಮಾನಿಗೆ ಮಾತ್ರ, ಮಳೆ ತಾಗುವ ಕಡೆ ತೊಳೆದು ಹೋಗುತ್ತದೆ. ಹಿಂದಿನವರು ಮಾವಿನ ದಿಮ್ಮಿಯನ್ನು ಕೆರೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸುತ್ತಿದ್ದರಲ್ಲ, ಅದು ಸರಿಯಾದ ಕೆಲಸ. ಪಿಷ್ಟ ನೀರಲ್ಲಿ ಹುಳಿತು ಹೋಗುತ್ತದೆ. ನಿಮ್ಮ ಮಂಚಕ್ಕೆ ಈಗ ಪಾಲಿಶ್ ಇದೆ, ಅದ್ದಿದರೂ ಒಳಗೆ ಇಳಿಯಲ್ಲ. ತಿಂದ ಪಟ್ಟಿ ಬದಲಿಸಿ.

ಭದ್ರಾವತಿ ಬೀಟೆ: ನಮ್ಮ ಹಿತ್ತಿಲಲ್ಲಿ ಎರಡು ಗಂಧದ ಗಿಡ ತಾನಾಗಿ ಹುಟ್ಟಿದೆ. ಯಾರದು ಅದು, ನಮ್ಮದಾ ಸರ್ಕಾರದ್ದಾ?

ಮಂಜಣ್ಣ: ಸುಮಾ ಅವರೇ, ಈಗ ಕೇಳಿ. ಅದು ಕೊಳೆತದ್ದಲ್ಲ. ಕೊಳೆತರೆ ಕಂದು ಬಣ್ಣ, ಉಗುರು ಒತ್ತಿದರೆ ಮೆತ್ತಗೆ ಇಳಿಯುತ್ತದೆ. ನಿಮ್ಮದು ಗಟ್ಟಿ ಇದೆ, ಗರಗಸದ ಗೆರೆ ಚೊಕ್ಕವಾಗಿ ಕಾಣುತ್ತಿದೆ. ಹಲಸಿನ ಆ ಹಳದಿ ಬಣ್ಣಕ್ಕೆ ಕಬ್ಬಿಣ ಸೇರಿದರೆ ಹೀಗೆ ಕಪ್ಪಾಗುತ್ತದೆ. ಮರದೊಳಗೆ ಮೊಳೆ ಅಥವಾ ತಂತಿ ಇದೆ. ಫೋಟೊದಲ್ಲಿ ನೀವು ಇಟ್ಟ ಟೇಪ್ ನೋಡಿದೆ. ಮಚ್ಚೆ ನಡುವಿನಿಂದ ಸರಿಯಾಗಿ 4 ಇಂಚಿನಲ್ಲಿದೆ.

ಚೈನ್ ಸಾ ಅದಕ್ಕೆ ತಾಗಿದರೆ ಚೈನು ಹರಿಯಬಹುದು, ಇಲ್ಲ ಮೆಷಿನ್ ಒದ್ದು ಹುಡುಗನ ಮುಖಕ್ಕೆ ಬರಬಹುದು. ನಮ್ಮ ಮಿಲ್ಲಿನಲ್ಲೇ ಒಂದು ಮಾವಿನ ದಿಮ್ಮಿಯಲ್ಲಿ ದನ ಕಟ್ಟುವ ಕೊಂಡಿ ಇತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಬ್ಯಾಂಡ್ ಸಾ ಬ್ಲೇಡ್ ತುಂಡಾಗಿ ಶೆಡ್ಡಿನ ತಗಡು ಸೀಳಿತು. ನನ್ನ ಸಹಾಯಕನ ಭುಜದಲ್ಲಿ ಈಗಲೂ ಗೆರೆ ಇದೆ. ಆ ದಿಮ್ಮಿ ತಂದವರು "ನಮ್ಮ ಮರದಲ್ಲಿ ಏನಿಲ್ಲ" ಅಂತ ಪ್ರಮಾಣ ಮಾಡಿದ್ದರು. ಸುಳ್ಳು ಹೇಳಿದ್ದಲ್ಲ, ಕೊಂಡಿ ಹೊಡೆದದ್ದು ಅವರ ಅಜ್ಜ.

ನನಗೆ ನಾಲ್ಕು ಉತ್ತರ ಬೇಕು. ಮರದ ಪಕ್ಕ ಬೇಲಿ ಇತ್ತಾ? ತಂತಿಯನ್ನು ಮರಕ್ಕೆ ಸುತ್ತಿದ್ದರಾ, ಇಲ್ಲ ಯು ಮೊಳೆ ಹೊಡೆದಿದ್ದರಾ? ಆಗ ಮರ ಎಷ್ಟು ದಪ್ಪ ಇತ್ತು? ಬೇಲಿ ಯಾವ ದಿಕ್ಕಿಗೆ ಹೋಗುತ್ತಿತ್ತು? ಮನೆಯಲ್ಲಿ ಹಿರಿಯರು ಇದ್ದರೆ ಅವರನ್ನು ಕೇಳಿ. ಅಣ್ಣನನ್ನಲ್ಲ.

ರಿಪ್ಪನ್‌ಪೇಟೆ ಹುಡುಗ: ಬೇಲಿ ತಂತಿ ಆದರೆ ಚಿಂತೆ ಯಾಕೆ? ಮರ ಬೆಳೆದ ಹಾಗೆ ತಂತಿಯೂ ಮೇಲೆ ಹೋಗಿರುತ್ತದೆ. ಈಗ ಹದಿನೈದು ಅಡಿ ಮೇಲೆ ಇರುತ್ತೆ. ಬುಡ ಆರಾಮಾಗಿ ಕೊಯ್ಯಬಹುದು.

ಬಾಟನಿ ಮೇಷ್ಟ್ರು: ಹೋಗುವುದಿಲ್ಲ. ಮರ ಎತ್ತರ ಆಗುವುದು ತುದಿಯಲ್ಲಿ ಮಾತ್ರ. ಕಾಂಡ ದಪ್ಪ ಆಗುತ್ತದೆ ಅಷ್ಟೇ. ನಾಲ್ಕು ಅಡಿಯಲ್ಲಿ ಹೊಡೆದ ಮೊಳೆ ನಲವತ್ತು ವರ್ಷ ಆದರೂ ನಾಲ್ಕು ಅಡಿಯಲ್ಲೇ ಇರುತ್ತದೆ.

ರಿಪ್ಪನ್‌ಪೇಟೆ ಹುಡುಗ: ಪುಸ್ತಕದಲ್ಲಿ ಓದಿದ್ದು ಬೇರೆ ಮೇಷ್ಟ್ರೇ. ಅಡಿಕೆ ಮರದ ಕೆಳಗಿನ ಗರಿ ಈಗ ಎಲ್ಲಿದೆ? ಮೇಲೆ ತಾನೇ?

ಬಾಟನಿ ಮೇಷ್ಟ್ರು: ಆ ಗರಿ ಉದುರಿ ಹೋಗಿರುತ್ತದೆ ಮಾರಾಯ. ಮೇಲಿರುವುದು ಹೊಸ ಗರಿ.

ರಿಪ್ಪನ್‌ಪೇಟೆ ಹುಡುಗ: ಮಾರಾಯ ಗೀರಾಯ ಅನ್ನಬೇಡಿ. ನಾನೂ ತೋಟ ಮಾಡಿದವನೇ.

ಹೆಗಡೆ ಮಾವ: ಇಬ್ಬರೂ ಸುಮ್ನಿರಿ. ಮಂಜಣ್ಣ, ತೋಟಕ್ಕೆ ಸೊಪ್ಪು ತರಲು ಕೊಟ್ಟ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಳ್ಳೆ ಮತ್ತಿ, ನಂದಿ ಮರ ಇದೆ. ಕೊಟ್ಟಿಗೆಗೆ ನಾಲ್ಕು ತೊಲೆ ಬೇಕಿತ್ತು.

ಮಂಜಣ್ಣ: ಬೆಟ್ಟದಲ್ಲಿ ನಿಮ್ಮ ಹಕ್ಕು ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ) ಮಾತ್ರ. ಮರ ಸರ್ಕಾರದ್ದು. ನನ್ನ ಮಿಲ್ಲಿಗೆ ತರಬೇಡಿ.

ಹೆಗಡೆ ಮಾವ: ಅಜ್ಜನ ಕಾಲದಿಂದ ಬೆಂಕಿ ಬೀಳದ ಹಾಗೆ ಕಾದವರು ನಾವು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಕೊಟ್ಟದ್ದು ಸುಮ್ನೆಯಾ?

ಬೆಂಗಳೂರು ಮಲೆನಾಡಿಗ: ಕಾದದ್ದಾ ಬೋಳಿಸಿದ್ದಾ ಅಂತ ಹೋಗಿ ನೋಡಿದರೆ ಗೊತ್ತಾಗುತ್ತೆ. ಅರ್ಧ ಬೆಟ್ಟ ಅಕೇಶಿಯಾ.

ಹೆಗಡೆ ಮಾವ: ವರ್ಷಕ್ಕೆ ಎರಡು ದಿನ ಊರಿಗೆ ಬಂದು ಹಲಸಿನ ಹಪ್ಪಳ ಕಟ್ಟಿಕೊಂಡು ಹೋಗುವವರು ಬೆಟ್ಟದ ಮಾತು ಆಡಬಾರದು.

ಅಡ್ಮಿನ್: ಬೆಟ್ಟದ ಚರ್ಚೆ ಇಲ್ಲಿಗೆ ನಿಲ್ಲಿಸಿ. ಮಂಜಣ್ಣ ಅತಿಥಿ.

ಕೊಪ್ಪ ಕಾಫಿ 2: ಸಿಲ್ವರ್ ಓಕ್ ರೇಟ್ ಎಷ್ಟು ಸರ್?

ಮಂಜಣ್ಣ: ಮೇಲೆ ಓದಿ.

ಸಾಗರದ ಸುಮ: ಮಂಜಣ್ಣ, ಅಮ್ಮನನ್ನು ಕೇಳಿದೆ. ಕೇಳಿದ ಕೂಡಲೇ ನಕ್ಕರು. "ನಿಮ್ಮಪ್ಪ ಕಂಬದ ದುಡ್ಡು ಉಳಿಸಿದ್ದು" ಅಂದರು. ಮುಳ್ಳುತಂತಿ ಬೇಲಿ ಇತ್ತು, ಹಲಸಿನ ಮರವೇ ಕಂಬ. ಸುತ್ತಿರಲಿಲ್ಲ, ಯು ಮೊಳೆ ಹೊಡೆದಿದ್ದರು. ಆಗ ಮರದ ಸುತ್ತು ಮೂರು ಗೇಣು ಇದ್ದಿರಬಹುದು ಅಂತಾರೆ. ಬೇಲಿ ರಸ್ತೆಗೆ ಸಮ ಹೋಗುತ್ತಿತ್ತು. ಹತ್ತು ವರ್ಷದ ಹಿಂದೆ ಕಾಂಪೌಂಡ್ ಕಟ್ಟಿದಾಗ ತಂತಿಯನ್ನು ಮರದ ಎರಡೂ ಕಡೆ ಕತ್ತರಿಸಿದ್ದು ನನಗೂ ನೆನಪಿದೆ.

ಮಂಜಣ್ಣ: ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಮೂರು ಗೇಣು ಅಂದರೆ 27 ಇಂಚು ಸುತ್ತು. ಅಂದರೆ ನಡುವಿನಿಂದ ತೊಗಟೆಗೆ 4 ಇಂಚು ಚಿಲ್ಲರೆ. ನಿಮ್ಮ ಮಚ್ಚೆ ಇರುವುದೂ ಅಲ್ಲೇ. ಈಗ ನಡುವಿನಿಂದ ಹೊರಗೆ 12 ಇಂಚು ಇದೆ. ಹಾಗಾದರೆ ತಂತಿ ತೊಗಟೆಯಿಂದ ಏಳೆಂಟು ಇಂಚು ಒಳಗಿದೆ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಆಡಿಸಿ "ಏನಿಲ್ಲ" ಅನ್ನುವವರನ್ನು ನಂಬಬೇಡಿ. ಸಾಮಾನ್ಯದ್ದಕ್ಕೆ ಅಷ್ಟು ಆಳ ಸಿಗುವುದಿಲ್ಲ.

ಈಗ ಮುಖ್ಯ ವಿಷಯ. ಮೊಳೆ ಒಂದು ಜಾಗದಲ್ಲಿದೆ, ಆದರೆ ತಂತಿ ಹಾಗಲ್ಲ. ಮರ ದಪ್ಪ ಆದ ಹಾಗೆ ಎರಡೂ ಕಡೆಯ ತಂತಿಯನ್ನು ನುಂಗುತ್ತಾ ಹೋಗಿದೆ. ದಿಮ್ಮಿಯ ಈ ಬದಿಯಿಂದ ಆ ಬದಿಗೆ ನೆಟ್ಟಗೆ ಒಂದು ಗೆರೆ ಎಳೆದ ಹಾಗೆ ಒಳಗೆ ಮಲಗಿದೆ. ಅದಕ್ಕೇ ಬೇಲಿ ಹೋದ ದಿಕ್ಕಿಗೇ ಹಲಗೆ ಕೊಯ್ಯಬೇಕು. ಅಡ್ಡ ತಿರುಗಿಸಿ ಕೊಯ್ದರೆ ತಂತಿಯ ಪ್ರತಿ ಎಳೆಗೂ ಬ್ಲೇಡ್ ಸಿಗುತ್ತದೆ.

ದಿಮ್ಮಿ ಅಲ್ಲಾಡಿಸುವ ಮೊದಲೇ ರಸ್ತೆ ಕಡೆಯ ಮುಖಕ್ಕೆ ಸುಣ್ಣದಲ್ಲಿ ಉದ್ದಕ್ಕೂ ಗೀಟು ಹಾಕಿ. ಬುಡದ 6 ಅಡಿ ಬೇರೆ ತುಂಡು ಮಾಡಿಸಿ. ಮಚ್ಚೆ ಇಲ್ಲದ ಕಡೆಯಿಂದ ಚಕ್ಕೆ ತೆಗೆದು 2 ಇಂಚಿನ ಹಲಗೆ ನಾಲ್ಕು ತೆಗೆಯಬಹುದು. ನಡುವಿಗೆ ಬರುವ ಮೊದಲು ನಿಲ್ಲಿಸಬೇಕು, ನಡು ಇರುವ ಹಲಗೆ ಹೇಗೂ ಸೀಳುತ್ತದೆ. ಆಮೇಲೆ ದಿಮ್ಮಿ ಮಗುಚಿ ಮಚ್ಚೆ ಕಡೆಯಿಂದ ಒಂದೇ ಹಲಗೆ. ನಡುವಿನ ಭಾಗಕ್ಕೆ ಗರಗಸ ಮುಟ್ಟಿಸಬೇಡಿ. ಅದನ್ನು ಸೌದೆ ಮಾಡಿ, ನಿಮ್ಮ ಅಣ್ಣನಿಗೂ ಸಮಾಧಾನ. ಮೇಲಿನ ದಿಮ್ಮಿ ಚೊಕ್ಕ ಇರಬಹುದು, ಜೋಕಾಲಿ ಕೊಕ್ಕೆ ಇತ್ತಾ ಅಂತ ಒಂದು ಮಾತು ಕೇಳಿ. ಮಿಲ್ಲಿನವರಿಗೆ ತಂತಿ ವಿಷಯ ಮೊದಲೇ ಹೇಳಬೇಕು. ಒಪ್ಪದಿದ್ದರೆ ನನ್ನಲ್ಲಿಗೆ ತನ್ನಿ. ಗಾಳಿಗೆ ಬಿದ್ದ ಮರವಾದರೂ ಸಾಗಿಸುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿ.

ಸಾಗರದ ಸುಮ: ತುಂಬಾ ಉಪಕಾರ ಆಯಿತು. ಶ್ರಾವಣದಲ್ಲಿ ಗೃಹಪ್ರವೇಶ. ಅಷ್ಟರೊಳಗೆ ಬಾಗಿಲು ಆಗುತ್ತದಲ್ವಾ?

ಮಂಜಣ್ಣ: ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ 2 ಇಂಚಿನ ಹಲಗೆ ಒಣಗುವ ಮಾತೇ ಇಲ್ಲ. ಎರಡೂ ತುದಿಗೆ ಪೇಂಟ್ ಬಳಿಯಿರಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಎರಡೆರಡು ಅಡಿಗೆ ಒಂದು ಇಂಚಿನ ರೀಪು (ಮರದ ಪಟ್ಟಿ) ಕೊಟ್ಟು, ರೀಪಿನ ಮೇಲೇ ರೀಪು ಬರುವ ಹಾಗೆ ಜೋಡಿಸಿ. ಮಾಡು ಇರಲಿ, ಗೋಡೆ ಬೇಡ. ಮುಂದಿನ ಬೇಸಿಗೆ ಕಳೆಯಲಿ. ಗೃಹಪ್ರವೇಶಕ್ಕೆ ಪ್ಲೈವುಡ್ ಬಾಗಿಲು ನಿಲ್ಲಿಸಿ.

ಹೆಗಡೆ ಮಾವ: *ಬಂದ ಸಂದೇಶ:* ಹಸಿ ಹಲಗೆಗೆ ಹಳೆ ಎಂಜಿನ್ ಆಯಿಲ್ ಹಚ್ಚಿ ಬಿಸಿಲಿಗೆ ಇಟ್ಟರೆ 15 ದಿನದಲ್ಲಿ ಒಣಗುತ್ತದೆ!!

ಮಂಜಣ್ಣ: ಎಣ್ಣೆ ಹಚ್ಚಿದರೆ ನೀರು ಹೊರಗೆ ಬರುವ ದಾರಿ ಮುಚ್ಚುತ್ತದೆ, ಒಣಗುವುದು ಹೇಗೆ? ಆಮೇಲೆ ಪಾಲಿಶ್ ಹಿಡಿಯಲ್ಲ. ಹಸಿ ಹಲಗೆ ನೇರ ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ತಿರುಚುತ್ತದೆ. ಮಾವ, ಇದು ಎರಡನೆಯದು. ಮೂರನೆಯದು ಬಂದರೆ ನಾನು ಹೊರಡುತ್ತೇನೆ.

ಹೆಗಡೆ ಮಾವ: ನಾನು ಬಂದದ್ದು ಕಳಿಸಿದೆ ಅಷ್ಟೇ. ಮಾಡಿ ಅಂದೆನಾ?

ಬೆಂಗಳೂರು ಮಲೆನಾಡಿಗ: ಹಿರಿಯರಿಗೆ ಸ್ವಲ್ಪ ಮರ್ಯಾದೆ ಕೊಟ್ಟು ಉತ್ತರಿಸಬಹುದಿತ್ತು ಮಂಜಣ್ಣ.

ಹೆಗಡೆ ಮಾವ: ನಿನ್ನ ವಕಾಲತ್ತು ನನಗೆ ಬೇಡ.

ತೇಗದ ತೋಟ: ಸರ್, ಎಲೆ ಎಲ್ಲಾ ಜರಡಿ ಆಗಿದೆ, ಬರೀ ನರ ಉಳಿದಿದೆ. ಔಷಧಿ?

ಮಂಜಣ್ಣ: ಬೇಡ. ಹೊಸ ಎಲೆ ಬರುತ್ತದೆ.

ಭದ್ರಾವತಿ ಬೀಟೆ: ನನ್ನ ಗಂಧದ ಪ್ರಶ್ನೆ?

ಬಾಟನಿ ಮೇಷ್ಟ್ರು: 2001ರ ತಿದ್ದುಪಡಿ ಆದ ಮೇಲೆ ಜಾಗದ ಒಡೆಯರದೇ. ಆದರೆ ಕಡಿಯುವ, ಮಾರುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಬೇಕು.

ರಿಪ್ಪನ್‌ಪೇಟೆ ಹುಡುಗ: ಮೇಷ್ಟ್ರಿಗೆ ಎಲ್ಲಾ ಗೊತ್ತು.

ಕೊಪ್ಪ ಕಾಫಿ: ಸಿಲ್ವರ್ ಓಕಿಗೆ ಕಾಳುಮೆಣಸು ಹಬ್ಬಿದೆ. ಬಳ್ಳಿ ಹಾಳಾಗದೆ ಮರ ತೆಗೆಯಲು ಆಗುತ್ತಾ?

ಸಾಗರದ ಸುಮ: ಮಂಜಣ್ಣ, ಇನ್ನೊಂದೇ. ಸುಣ್ಣದ ಗೀಟು ಹಾಕಿದೆ. ತೊಗಟೆ ಮೇಲೆ ತುಟಿ ಮುಚ್ಚಿದ ಹಾಗೆ ಉಬ್ಬಿದ ಗೆರೆ ಕಾಣುತ್ತದೆ, ಎರಡೂ ಬದಿಯಲ್ಲಿ. ಎರಡೂವರೆ, ಮೂರೂವರೆ, ನಾಲ್ಕೂವರೆ ಅಡಿಯಲ್ಲಿ. ಮೂರೇ ಎಳೆ. ಫೋಟೊ ನೋಡಿ.

ಮಂಜಣ್ಣ: ನೋಡಿದೆ. ಆದರೆ ಲೆಕ್ಕ ಕೂಡುತ್ತಿಲ್ಲ. ಕೆಳಗಿನ ಎಳೆ ಎರಡೂವರೆ ಅಡಿಯಲ್ಲಿದ್ದರೆ ಬುಡ ಕೊಯ್ದ ಜಾಗದಲ್ಲಿ ಮಚ್ಚೆ ಇಷ್ಟು ಕಡು ಕಪ್ಪಾಗಿ ಕಾಣಬಾರದು. ಕಪ್ಪು ಮರದ ನಾರಿನುದ್ದಕ್ಕೂ ಸ್ವಲ್ಪ ದೂರ ಇಳಿಯುತ್ತದೆ, ಹಾಗೇ ತಿಳಿಯಾಗುತ್ತಾ ಹೋಗುತ್ತದೆ. ಹಿಂದೆ ಹಂದಿ ನುಗ್ಗದ ಹಾಗೆ ನೆಲದ ಹತ್ತಿರ ಒಂದು ಎಳೆ ಬೇರೆ ಎಳೆಯುತ್ತಿದ್ದರು. ಒಂದು ಅಡಿಯೊಳಗೆ ಮಣ್ಣು ಕೆರೆದು ನೋಡಿ. ನಾಲ್ಕನೆಯದು ಸಿಗುವವರೆಗೆ ಲಾರಿಗೆ ಹೇಳಬೇಡಿ.

ಸಾಗರದ ಸುಮ: ಅಮ್ಮ ಈಗ ಅಂತಾರೆ, "ಹೌದು, ಹಂದಿ ತಂತಿ ಇತ್ತು, ಕೆಸುವಿನ ಗೆಡ್ಡೆಗೆ ಬರುತ್ತಿದ್ದವು." ಹಾರೆ ತೆಗೆದುಕೊಂಡು ಹೊರಟಿದ್ದೇನೆ.