‘ಮುಯ್ಯಾಳು’ ಅಂದರೆ ಲೆಕ್ಕದ ವಾಸನೆ ಬರುತ್ತಾ?

ಎಲ್ಲರಿಗೂ ನಮಸ್ಕಾರ,

ಒಂದು ಪದಕ್ಕಾಗಿ ಎರಡು ವಾರದಿಂದ ತಿಣುಕುತ್ತಿದ್ದೇನೆ. ನಾನಿರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. ಇಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ಹೋದರೆ ಹೋಪಿ ಎಂಬ ಅಮೆರಿಕದ ಮೂಲನಿವಾಸಿ ಜನರ ನಾಡು. ಮೂರು ಚಪ್ಪಟೆ ಗುಡ್ಡ, ಅವುಗಳ ನೆತ್ತಿಯಲ್ಲೂ ಬುಡದಲ್ಲೂ ಹಳ್ಳಿಗಳು. ನನ್ನ ತಂಗಿ ಮಗಳು ಅಲ್ಲಿ ಒಂದು ಮನೆ ಕಟ್ಟುವ ಕೆಲಸಕ್ಕೆ ವಾರದ ಮಟ್ಟಿಗೆ ಹೋಗಿದ್ದಳು. ಕೂಲಿ ಇಲ್ಲ, ಯಾರೂ ಕಳಿಸಿದ್ದಲ್ಲ, ತಾನಾಗೇ ಹೋದದ್ದು. ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡ ಸಂಘದ ಸಂಚಿಕೆಗೆ ಕನ್ನಡ ಮಾಡುತ್ತಿದ್ದೇನೆ.

ಗೋಡೆ ಕಟ್ಟಿದ್ದು ಹುಲ್ಲಿನ ಪೆಂಡಿಯಲ್ಲಿ. ಯಂತ್ರದಲ್ಲಿ ಒತ್ತಿ ಬಿಗಿದ ಪೆಂಡಿಗಳನ್ನು ಇಟ್ಟಿಗೆ ಹಾಗೆ ಪೇರಿಸಿ ಎರಡೂ ಕಡೆ ಗಿಲಾವು ಮಾಡುತ್ತಾರೆ. ಗೋಡೆ ಒಂದೂವರೆ ಅಡಿ ದಪ್ಪ ಬರುತ್ತದೆ, ಅಲ್ಲಿನ ಚಳಿಗೆ ಅದು ಬೇಕೇ ಬೇಕು. ಇಲ್ಲಿಯವರೆಗೆ ಕನ್ನಡಕ್ಕೆ ತೊಂದರೆಯಿಲ್ಲ. ತೊಂದರೆ ಇರುವುದು ಕೆಲಸ ಮಾಡಿದವರನ್ನು ಏನಂತ ಕರೆಯೋದು ಅನ್ನೋದರಲ್ಲಿ.

‘ಸ್ವಯಂಸೇವಕರು’ ಅಂದರೆ ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ಸಮ್ಮೇಳನದಲ್ಲಿ ಓಡಾಡುವವರು ನೆನಪಾಗುತ್ತಾರೆ. ‘ಶ್ರಮದಾನ’ದಲ್ಲಿ ದಾನ ಇದೆ, ದಾನ ಅಂದಮೇಲೆ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ‘ಬಿಟ್ಟಿ’ಯನ್ನಂತೂ ಮುಟ್ಟುವ ಹಾಗೇ ಇಲ್ಲ, ಗೌಡರ ಮನೆಗೆ ಬೈಸಿಕೊಂಡು ದುಡಿದ ಕಾಲ ಅದರಲ್ಲಿದೆ. ಇನ್ನು ಮನೆಯವರನ್ನು ‘ಫಲಾನುಭವಿ’ ಅಂತ ಬರೆದು ನಾನೇ ಹೊಡೆದುಹಾಕಿದೆ. ಮನೆಯಾಕೆ ದಿನವೂ ಇವರ ಜೊತೆ ನಿಂತು ಗೋಡೆ ಮೆತ್ತಿದ್ದಾರೆ, ಅವರು ಯಾವ ಅರ್ಜಿಯ ಫಲಾನುಭವಿ?

ಹುಡುಗಿ ಎರಡು ಹೋಪಿ ಮಾತು ಕೇಳಿಕೊಂಡು ಬಂದಿದ್ದಾಳೆ, ಅಲ್ಲಿ ಅವನ್ನು ಜೋಡಿಯಾಗಿಯೇ ಹೇಳುತ್ತಾರಂತೆ. ‘ಸುಮಿನಂಗ್ವ’, ಎಲ್ಲರೂ ಒಂದಾಗಿ ಸೇರುವ ಮನಸ್ಸು. ‘ನಮಿನಂಗ್ವ’, ಒಬ್ಬರಿಗೊಬ್ಬರು ಆಗುವ ಮನಸ್ಸು. ‘ಮಿ’ ಆದ ಮೇಲೆ ಗಂಟಲಲ್ಲಿ ಒಂದು ಚಿಕ್ಕ ತಡೆ ಇದೆ, ಅದನ್ನು ನಮ್ಮ ಲಿಪಿಯಲ್ಲಿ ತೋರಿಸಲು ಆಗಲಿಲ್ಲ. (ಹೋಪಿ ಭಾಷೆಯಲ್ಲಿ ಕಾಲದ ಕಲ್ಪನೆಯೇ ಇಲ್ಲವಂತೆ ಎಂದು ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಅದು ವೋರ್ಫ್ ಎಂಬ ಭಾಷಾತಜ್ಞ ಹಬ್ಬಿಸಿದ ಮಾತು. 1983ರಲ್ಲಿ ಮಲೋಟ್ಕಿ ಎಂಬ ಇನ್ನೊಬ್ಬ ಭಾಷಾತಜ್ಞರು ರಾಶಿ ಉದಾಹರಣೆ ಇಟ್ಟು ಅದನ್ನು ತಳ್ಳಿಹಾಕಿದ್ದಾರೆ.)

ನನಗೆ ಹತ್ತಿರ ಅನ್ನಿಸಿದ್ದು ‘ಮುಯ್ಯಾಳು’. ತುಮಕೂರು ಕಡೆ ನಮ್ಮಜ್ಜಿ ಮನೆಯಲ್ಲಿ ರಾಗಿ ಕುಯ್ಲಿಗೆ ಹೀಗೇ ಬರುತ್ತಿದ್ದರು. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಆದರೆ ಅದರಲ್ಲಿ ಲೆಕ್ಕ ಇತ್ತು ಅಲ್ವಾ? ಮೂರು ಆಳು ಬಂದರೆ ಮೂರು ಆಳು ಹೋಗಬೇಕು, ಎರಡೇ ಹೋದರೆ ಅಜ್ಜಿ ಅದನ್ನು ಮುಂದಿನ ವರ್ಷದ ತನಕ ಆಡಿಕೊಳ್ಳುತ್ತಿದ್ದರು. ಮದುವೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕ ಬೇರೆ. ಸಾಲದ್ದಕ್ಕೆ ‘ಮುಯ್ಯಿಗೆ ಮುಯ್ಯಿ’ ಅಂದರೆ ಸೇಡು! ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ತಕ್ಕಡಿ.

ಹೋಪಿಗಳ ಹಳೆಯ ಪದ್ಧತಿಯಲ್ಲಿ ಮನೆ ಕಟ್ಟಲು ನೆಂಟರು, ಸ್ನೇಹಿತರು ಸೇರುತ್ತಿದ್ದರು. ಗಂಡಸರು ಕಲ್ಲು, ತೊಲೆ ಹೊತ್ತು ತಂದರೆ ಹೆಂಗಸರು ಗೋಡೆ ಮೆತ್ತುತ್ತಿದ್ದರು. ಕೂಲಿ ಅಂದರೆ ಊಟ, ಅಷ್ಟೇ. ಕಟ್ಟಿ ಮುಗಿದ ಮನೆ ಹೆಂಗಸಿನದು, ಗಂಡ ಬಂದು ಸೇರಿಕೊಳ್ಳುವುದು ಅವಳ ಮನೆಗೆ. ಇದನ್ನು ಬರೆಯುವಾಗ ‘ಮನೆಯಳಿಯ’ ಎಂಬ ಪದ ಕೈಗೆ ಬಂತು, ಅದರ ಜೊತೆಗೆ ನಮ್ಮವರ ನಗುವೂ ಬಂತು, ಹಾಗಾಗಿ ಬಿಟ್ಟೆ. ತುಳುನಾಡಿನ ಅಳಿಯಸಂತಾನದವರು ಬೇರೆ ಪದ ಕೊಟ್ಟರೆ ಸಂತೋಷ.

ನನ್ನ ತಂಗಿ ಮಗಳಿಗೆ ಅಲ್ಲಿ ಕೂಲಿ ಸಿಕ್ಕಿದ್ದೂ ಹೀಗೇ. ನೀಲಿ ಜೋಳದ ಹಿಟ್ಟನ್ನು ಬಿಸಿ ಕಲ್ಲಿನ ಮೇಲೆ ಕೈಯಲ್ಲೇ ಸವರಿ, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಸುತ್ತುವ ‘ಪೀಕಿ’. (ಜೋಳ ಅಂದರೆ ಮುಸುಕಿನ ಜೋಳ, ಉತ್ತರ ಕರ್ನಾಟಕದವರು ತಪ್ಪು ತಿಳಿಯಬಾರದು.) ಅವಳ ಮನೆ ಕಟ್ಟಲು ಆ ಹೋಪಿ ಹೆಂಗಸು ಫೀನಿಕ್ಸಿಗೆ ಬರಬೇಕಿಲ್ಲ, ಅಂಥ ಬಾಕಿಯೇ ಅಲ್ಲಿಲ್ಲ.

ಹಾಗಾದರೆ ನನ್ನ ಪ್ರಶ್ನೆ ಇಷ್ಟು. ಲೆಕ್ಕ ಇಡದೆ, ದಾನವೂ ಅನ್ನಿಸದೆ, ಊಟಕ್ಕೆ ಬಂದು ದುಡಿದು ಹೋಗುವವರಿಗೆ ನಿಮ್ಮ ಕಡೆ ಏನಂತಾರೆ? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲು ಮನೆಗೆ ಹುಲ್ಲು ಹೊದಿಸಲು ಅಕ್ಕಪಕ್ಕದವರು ಸೇರುತ್ತಿದ್ದರಲ್ಲ, ಅದಕ್ಕೊಂದು ಹೆಸರು ಇದ್ದೇ ಇರಬೇಕು. ಹಿರಿಯರನ್ನು ಕೇಳಿ ಹೇಳಿದರೂ ಆದೀತು. ಸಂಚಿಕೆ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅಲ್ಲಿವರೆಗೆ ‘ಮುಯ್ಯಾಳು’ ಅಂತಲೇ ಇಟ್ಟಿರುತ್ತೇನೆ.