ಪದಚರ್ಚೆ: ಡಿಸ್ಕ್, ಆಪ್ಟಿಕಲ್ ಡ್ರೈವ್, ಬರ್ನ್ – ಬೋರ್ಡಿಗೆ ಪದ ಬೇಕು, ನಾಳೆಯೊಳಗೆ

ಕುಂದಾಪುರದಿಂದ:

ಗೆಳೆಯರೇ, ನಮ್ಮ ಲೈಬ್ರರಿಯ ಕಂಪ್ಯೂಟರ್ ಪಕ್ಕ ಒಂದು ಬೋರ್ಡು ಹಾಕಬೇಕು. ಊರಿನ ಯಕ್ಷಗಾನ ಪ್ರಸಂಗಗಳನ್ನು ನಾವೇ ರೆಕಾರ್ಡ್ ಮಾಡಿಸಿದ ಸಿ.ಡಿ., ಡಿ.ವಿ.ಡಿ.ಗಳು ಒಂದು ಕಪಾಟು ತುಂಬ ಇವೆ. ಜನ ಬಂದು ಹಾಕಿ ಕೇಳುತ್ತಾರೆ. ಬೇಕಾದವರಿಗೆ ಕಾಪಿಯೂ ಮಾಡಿಕೊಡುತ್ತೇವೆ. ಸಮಿತಿಯವರು ಕಳಿಸಿದ ಕರಡು ಹೀಗಿದೆ: "ಅಡಕಮುದ್ರಿಕೆಯನ್ನು ದ್ಯುತಿಚಾಲಕದಲ್ಲಿ ಇರಿಸಿ. ಸುಡುವ ಮುನ್ನ ಸಿಬ್ಬಂದಿಯ ಅನುಮತಿ ಪಡೆಯಿರಿ." ಅಡಕಮುದ್ರಿಕೆ ಅಂದರೆ ಸಿ.ಡಿ., ದ್ಯುತಿಚಾಲಕ ಅಂದರೆ ಅದನ್ನು ಹಾಕುವ ಆಪ್ಟಿಕಲ್ ಡ್ರೈವ್, ಸುಡುವುದು ಅಂದರೆ ಇಂಗ್ಲಿಷಿನ 'ಬರ್ನ್', ಖಾಲಿ ಡಿಸ್ಕಿಗೆ ಕಾಪಿ ಮಾಡುವುದು. ಓದಿದ ಅಟೆಂಡರ್ "ಇಲ್ಲಿ ಯಾರು ಏನು ಸುಡ್ತಾರೆ ಸಾರ್?" ಅಂತ ಕೇಳಿದರು. ಬೋರ್ಡು ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:

ಅಡಕಮುದ್ರಿಕೆ ಸರಿಯಾಗಿದೆ. ಆಗಲೇ ಬಳಕೆಯಲ್ಲಿರುವ ಪದ. ಇದರಲ್ಲಿ ಚರ್ಚೆಗೆ ಏನಿದೆ?

ಶಿವಮೊಗ್ಗದಿಂದ:

ಬಳಕೆ ಎಲ್ಲಿ ಸ್ವಾಮಿ? ಬಿಡುಗಡೆ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ. ಅಲ್ಲಿಂದ ಆಚೆಗೆ ಬಂದದ್ದನ್ನು ನಾನು ನೋಡಿಲ್ಲ. ಮುದ್ರಿಕೆ ಅಂದರೆ ನನಗೆ ಆಂಜನೇಯ ಸೀತೆಗೆ ಕೊಟ್ಟ ಉಂಗುರ ನೆನಪಾಗುತ್ತದೆ. ಅದೂ ಸಂಸ್ಕೃತದ ಎರವಲೇ. ನಮ್ಮದೇ 'ತಟ್ಟೆ' ಇದೆ. ಗ್ರಾಮಫೋನಿನದು ಗಾನತಟ್ಟೆ, ಇದು ಬೆಳಕುತಟ್ಟೆ. ಮುಗೀತು.

ಹುಬ್ಬಳ್ಳಿಯಿಂದ:

ಮುಗೀಲಿಲ್ಲ. ಗುಂಡಿ ಒತ್ತಿದರೆ ಡ್ರೈವಿನಿಂದ ಹೊರಗೆ ಬರುವ ಟ್ರೇಗೂ ನಮ್ಮ ಜನ ತಟ್ಟೆ ಅಂತಲೇ ಅನ್ನುತ್ತಾರೆ. ತಟ್ಟೆಯನ್ನು ತಟ್ಟೆಯಲ್ಲಿಡಿ ಅಂತ ಬರೆಸುತ್ತೀರಾ?

ಇನ್ನು 'ಬೆಳಕು'. ಸಿ.ಡಿ. ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್. ಅದು ಅವಗೆಂಪು, ಕಣ್ಣಿಗೆ ಕಾಣುವ ಬೆಳಕಲ್ಲ. ಡಿ.ವಿ.ಡಿ.ಯದು 650, ಕೆಂಪು. ಬ್ಲೂ-ರೇಯದು 405. ಹೆಸರಲ್ಲಿ ನೀಲಿ ಇದ್ದರೂ ಬಣ್ಣ ನೇರಳೆ ಕಡೆಗೆ. ತಮಿಳರು 'ಕುರುಂತಗಡು' ಅಂದರು, ಅಂದರೆ ಕಿರುತಗಡು. ಆ ತಗಡು ನಮ್ಮಲ್ಲೂ ಇದೆ. ಆದರೆ ನಮ್ಮ ಊರುಗಳಲ್ಲಿ ಯಾರನ್ನಾದರೂ ತಗಡು ಅಂದು ನೋಡಿ, ಗೊತ್ತಾಗುತ್ತದೆ.

ಮೈಸೂರಿನಿಂದ:

ತಗಡು, ತಟ್ಟೆ ಬಿಡಿ. 'ಬರ್ನ್' ಬಗ್ಗೆ ಒಂದು ಮಾತು. ಕನ್ನಡದಲ್ಲಿ 'ಬರೆ' ಅಂದರೆ ಬರೆಯುವುದು. ಕಬ್ಬಿಣ ಕಾಯಿಸಿ ಎಳೆಯುವುದೂ ಬರೆಯೇ. ಎರಡರ ಬೇರೂ ಗೆರೆ ಎಳೆಯುವುದು. ತಮಿಳಿನ 'ವರೈ' ನೋಡಿ. ಒಮ್ಮೆ ಮಾತ್ರ ಬರೆಯಬಹುದಾದ ಖಾಲಿ ಸಿ.ಡಿ.-ಆರ್ ಮೇಲೆ ಲೇಸರ್ ಮಾಡುವುದೂ ಅದನ್ನೇ. ಒಳಗಿನ ಬಣ್ಣದ ಪದರವನ್ನು ಕಾಯಿಸಿ ಗುರುತು ಹಾಕುತ್ತದೆ. ಸುಡುವುದೂ ಬರೆಯುವುದೂ ಒಂದೇ ಪದದಲ್ಲಿ! ಇಂಗ್ಲಿಷಿನವರಿಗೆ ಈ ಭಾಗ್ಯ ಇಲ್ಲ.

ಹುಬ್ಬಳ್ಳಿಯಿಂದ:

ಹುಲಿ ನೋಡಿ ನರಿ ಬರೆ ಹಾಕಿಕೊಂಡಿತಂತೆ. 'ಸುಡು' ಅಂತ ಅನುವಾದ ಮಾಡಿದವರು ಮಾಡಿದ್ದು ಅದನ್ನೇ. ಅಂಗಡಿಯವರು ಮೊದಲಿಂದಲೂ 'ಸಿ.ಡಿ. ರೈಟ್ ಮಾಡಿಕೊಡ್ತೀನಿ' ಅಂತಾರೆ. ಅದು ಬರೆಯುವುದೇ. ಬೇರು ಅಗೆಯುವ ಕೆಲಸ ಇಲ್ಲ.

ಬೆಂಗಳೂರಿನಿಂದ:

ನಾನು ವರ್ಷಗಟ್ಟಲೆ ಕಂಪ್ಯೂಟರ್ ರಿಪೇರಿ ಮಾಡಿದವನು. ನಿಮ್ಮ ಜಗಳ ನಡೀಲಿ, ಆದರೆ ಬೋರ್ಡು ತಪ್ಪಾದರೆ ಪ್ರಸಂಗಗಳು ಹೋಗುತ್ತವೆ.

ಮೊದಲು 'ಮೈ' ಅನ್ನೋ ಪದ ಸರಿಮಾಡಿ. 'ಕೆಳಮೈ ಮುಟ್ಟಬೇಡಿ' ಅಂತ ಬರೆದರೆ ಸಾಲದು. ಕೈಯಲ್ಲಿ ಹಿಡಿದಾಗ ಕೆಳಗೆ ಯಾವುದು, ಮೇಲೆ ಯಾವುದು? 'ಹೊಳೆಯುವ ಮೈ', 'ಹೆಸರು ಬರೆದ ಮೈ' ಅನ್ನಿ. ಎಲ್ಲರೂ ಹೊಳೆಯುವ ಮೈಯನ್ನೇ ಜೋಪಾನ ಮಾಡುತ್ತಾರೆ. ಆದರೆ ಸಿ.ಡಿ.ಯ ಮಾಹಿತಿ ಪದರ ಇರುವುದು ಹೆಸರು ಬರೆದ ಮೈಯ ಕೆಳಗೇ, ತೆಳು ಲೇಪದ ಅಡಿ. ಹೊಳೆಯುವ ಕಡೆಗೆ ಒಂದು ಮಿಲಿಮೀಟರಿಗೂ ಜಾಸ್ತಿ ದಪ್ಪದ ಪ್ಲಾಸ್ಟಿಕ್ ಇದೆ, ಅಲ್ಲಿ ಸಣ್ಣ ಗೀರು ಬಿದ್ದರೆ ಪಾಲಿಶ್ ಮಾಡಿ ಉಳಿಸಬಹುದು. ಹೆಸರಿನ ಕಡೆ ಬಾಲ್ ಪೆನ್ನಿನಲ್ಲಿ ಒತ್ತಿ 'ಕರ್ಣಪರ್ವ' ಅಂತ ಬರೆದರೆ ಕರ್ಣ ಅಲ್ಲೇ ಮುಗಿದ. ಮೆತ್ತನೆ ತುದಿಯ ಸಿ.ಡಿ. ಮಾರ್ಕರ್ ತನ್ನಿ. ಡಿ.ವಿ.ಡಿ.ಯಲ್ಲಿ ಪದರ ಎರಡು ತಟ್ಟೆಗಳ ನಡುವೆ ಅಂಟಿಕೊಂಡಿರುತ್ತದೆ, ಅದನ್ನು ಬಗ್ಗಿಸಬಾರದು. ಬ್ಲೂ-ರೇಯಲ್ಲಿ ಹೊಳೆಯುವ ಮೈಗೆ ಬರೀ 0.1 ಮಿಲಿಮೀಟರ್ ಹತ್ತಿರ.

ಎರಡನೆಯದು ಕ್ರಿಯಾಪದ. 'ಉಜ್ಜಿ' ಬೇಡ, ಪಾತ್ರೆ ತಿಕ್ಕಿದಂತೆ ಸುತ್ತಿಸಿ ಉಜ್ಜುತ್ತಾರೆ. 'ಒರೆಸಿ' ಅನ್ನಿ, ನಡುವಿನಿಂದ ಅಂಚಿಗೆ ನೇರವಾಗಿ. ಮಾಹಿತಿ ಸುರುಳಿಯಾಗಿ ಸುತ್ತಿರುತ್ತದೆ. ಅಡ್ಡ ಬಿದ್ದ ಗೀರನ್ನು ದಾಟಿ ಡ್ರೈವ್ ತಪ್ಪು ತಿದ್ದಿಕೊಳ್ಳುತ್ತದೆ. ಸುತ್ತಿನ ಗುಂಟ ಗೀರು ಬಿದ್ದರೆ ಉದ್ದಕ್ಕೂ ಮಾಹಿತಿ ಹೋಗುತ್ತದೆ, ತಿದ್ದಲು ಏನೂ ಉಳಿಯಲ್ಲ.

ಖಾಲಿ ಡಿಸ್ಕ್ ಕೊಳ್ಳುವಾಗ ಹಾಡಿಗೆ 700 ಎಂ.ಬಿ.ಯ ಸಿ.ಡಿ.-ಆರ್, ವಿಡಿಯೋಕ್ಕೆ 4.7 ಜಿ.ಬಿ.ಯ ಡಿ.ವಿ.ಡಿ.-ಆರ್. ಅಳಿಸಿ ಬರೆಯುವ ಆರ್‌ಡಬ್ಲ್ಯೂಗಳನ್ನು ಕಪಾಟಿನಲ್ಲಿಡಲು ಕೊಳ್ಳಬೇಡಿ. ಬಿಸಿಲಿಗೆ ಆರ್ ಡಿಸ್ಕ್‌ಗಳ ಬಣ್ಣ ಮಾಸುತ್ತದೆ. ಡಬ್ಬಿಯಲ್ಲಿ ನಿಲ್ಲಿಸಿಡಿ. ಬರೆದಾದ ಮೇಲೆ ಸಾಫ್ಟ್‌ವೇರಿನಲ್ಲಿ ಪರೀಕ್ಷೆ ಮಾಡುವುದನ್ನು ಬಿಡಬೇಡಿ. ಇಷ್ಟೆಲ್ಲ ಮಾಡಿದರೂ ಹಾರ್ಡ್ ಡಿಸ್ಕಿನಲ್ಲಿ ಒಂದು ಕಾಪಿ ಇರಲಿ.

ಟ್ರೇ ಇಲ್ಲದೆ ಸೀಳಿನಲ್ಲಿ ತೂರಿಸುವ ಡ್ರೈವ್ ಆಗಿದ್ದರೆ 8 ಸೆಂಟಿಮೀಟರಿನ ಚಿಕ್ಕ ಡಿಸ್ಕ್ ಹಾಕಬೇಡಿ ಅಂತಲೂ ಬರೆಯಿರಿ. ಸಿಕ್ಕಿಕೊಂಡರೆ ತೆಗೆಯೋದು ಗೋಳು. ಟ್ರೇ ಇರುವ ಡ್ರೈವಿನಲ್ಲಿ ಮುಂದೆ ಸೂಜಿಯಷ್ಟು ತೂತು ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಪೇಪರ್ ಕ್ಲಿಪ್ ನೇರ ಮಾಡಿ ಒತ್ತಿದರೆ ಟ್ರೇ ಬಿಚ್ಚಿಕೊಳ್ಳುತ್ತದೆ.

ಶಿವಮೊಗ್ಗದಿಂದ:

ಅಂದರೆ ಡಿಸ್ಕ್, ಡ್ರೈವ್, ಟ್ರೇ, ಎಲ್ಲ ಇಂಗ್ಲಿಷೇ. ಹಾಗಾದರೆ ಈ ಪದಚರ್ಚೆಯ ಗುಂಪಿನಲ್ಲಿ ನಾವೆಲ್ಲ ಸುಮ್ನೆ ಕೂತಿದ್ದೀವಾ?

ಬೆಂಗಳೂರಿನಿಂದ:

ಚಾವಿ ಪೋರ್ಚುಗೀಸರದು, ಕುರ್ಚಿ ಅರಬ್ಬರದು. ಅವುಗಳ ಮೇಲೆ ಕೂತಿದ್ದೀರಲ್ಲ. ಬೇಕಿದ್ದರೆ ನಿಮ್ಮ ಬೆಳಕುತಟ್ಟೆಯನ್ನು ನಮ್ಮ ರಾಜಕಾರಣಿಗಳಿಗೆ ಕಲಿಸಿ. ಪೆನ್‌ಡ್ರೈವಿನಲ್ಲಿ ಇದ್ದರೂ ಅವರು 'ಸಿ.ಡಿ. ಇದೆ' ಅಂತಲೇ ಹೆದರಿಸುತ್ತಾರೆ.

ಶಿವಮೊಗ್ಗದಿಂದ:

ಬಂದ ಪದ ಬೇರೆ, ತಂದು ಸುರಿದ ಪದ ಬೇರೆ. ನಿಮಗೆ ಅರ್ಥವಾಗಲ್ಲ.

ಕುಂದಾಪುರದಿಂದ:

ಎಲ್ಲರಿಗೂ ಧನ್ಯವಾದ. ಬರೆಯಲು ಕೊಡುತ್ತಿರುವುದು ಇದು:

"ಡಿಸ್ಕನ್ನು ಅಂಚು ಹಿಡಿದು ಎತ್ತಿ. ಹೆಸರು ಬರೆದ ಮೈ ಮೇಲಿರುವಂತೆ ಟ್ರೇಯಲ್ಲಿಡಿ. ಹೊಳೆಯುವ ಮೈ ಮುಟ್ಟಬೇಡಿ. ಒರೆಸಬೇಕಿದ್ದರೆ ಮೆತ್ತನೆ ಬಟ್ಟೆಯಿಂದ, ನಡುವಿನಿಂದ ಅಂಚಿಗೆ. ಕಾಪಿ ಬೇಕಾದರೆ ನಮ್ಮನ್ನು ಕೇಳಿ."

ಆಪ್ಟಿಕಲ್ಲೂ ಬೇಕಾಗಲಿಲ್ಲ, ಬರ್ನ್ ಕೂಡ ಬೇಕಾಗಲಿಲ್ಲ.

ಮೈಸೂರಿನಿಂದ:

ಡಿಸ್ಕ್ ಅಲ್ಲ, ಡಿಸ್ಕು. ಬಸ್ಸು, ಕಾರು ಇದ್ದ ಹಾಗೆ. ಎರವಲು ತಂದ ಮೇಲೆ ಬಾಲವಾದರೂ ನಮ್ಮದಿರಲಿ.